ನನ್ನ ತಮ್ಮ ಮನೆಗೆ ಬರಬೇಕಿದ್ದ ಭಾನುವಾರ

ಸೊರಬದಲ್ಲಿ ನಾವಿದ್ದ ಸರ್ಕಾರಿ ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ನಾಲ್ಕು ಮೊಳದ ಒಂದು ಕಟ್ಟೆ. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದದ್ದು ಆ ಕಟ್ಟೆಯೇ. ಕೂತವರ ಬಟ್ಟೆ ಉಜ್ಜಿ ಉಜ್ಜಿ ಸಿಮೆಂಟಿಗೆ ಕರಿ ಹೊಳಪು ಬಂದಿತ್ತು. ನನ್ನ ಅವ್ವ ಡಾಕ್ಟರು. ಆಸ್ಪತ್ರೆ ನಮ್ಮ ಹಿತ್ತಲಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ಬಸುರಿಯರು, ಅವರ ಅತ್ತೆಯರು, ಹಾಲು ಕಕ್ಕುವ ಕೂಸುಗಳು, ಎಲ್ಲರೂ ಆಸ್ಪತ್ರೆಯ ಬೆಂಚು ಬಿಟ್ಟು ನಮ್ಮ ಕಟ್ಟೆಗೇ ಬರುತ್ತಿದ್ದರು. ಅದಕ್ಕೆ ಕಾರಣ ಅಪ್ಪಾಜಿ. ಅವರು ಯಾರನ್ನೂ ವಾಪಸು ಕಳಿಸುತ್ತಿರಲಿಲ್ಲ.

ಅಪ್ಪಾಜಿ ಹುಟ್ಟಿ ಬೆಳೆದದ್ದು ಶಿಕಾರಿಪುರದ ಬಟ್ಟೆ ಅಂಗಡಿಯ ಗಾದಿಯ ಮೇಲೆ. ಆ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು: ಗಿರಾಕಿಗೆ ‘ಇಲ್ಲ’ ಎನ್ನಬಾರದು. ಕೇಳಿದ ಬಣ್ಣದ ಸೀರೆ ಇರದಿದ್ದರೆ ‘ಬರ್ತೈತ್ರೀ, ಕೂಡ್ರಿ’ ಎಂದು ಚಾ ತರಿಸಬೇಕು. ಬರುವ ಆಸೆಯೇ ಇರದಿದ್ದರೆ ಅದು ಎಲ್ಲಿ ಸಿಗುತ್ತದೆ ಎಂದು ಹೇಳಿ ಕಳಿಸಬೇಕು. ಬರಿಗೈಯಲ್ಲಿ ಹೋಗುವವನಿಗೂ ಹೋಗುವ ಕಡೆ ಎಂಬುದೊಂದು ಇರಬೇಕು ಎನ್ನುವುದು ಅವರ ಹಿರಿಯರ ಮಾತು. ಅವ್ವನಿಗೆ ಸೊರಬಕ್ಕೆ ವರ್ಗವಾದಾಗ ಅಪ್ಪಾಜಿ ಅಂಗಡಿಯನ್ನು ಇಬ್ಬರು ತಮ್ಮಂದಿರಿಗೆ ಬಿಟ್ಟು ನಮ್ಮೊಂದಿಗೆ ಬಂದರು. ಗಾದಿ ಅಲ್ಲೇ ಉಳಿಯಿತು, ಕಟ್ಟಳೆ ಮಾತ್ರ ಅವರ ಜೊತೆ ಬಸ್ಸು ಹತ್ತಿತು. ಮಧ್ಯಾಹ್ನ ಅವ್ವ ಹೊರರೋಗಿಗಳನ್ನು ಮುಗಿಸಿ, ಸೀರೆಯ ನೆರಿಗೆಯೆಲ್ಲ ಮುದುಡಿ ಮನೆಗೆ ಬಂದರೆ, ಕಟ್ಟೆಯ ಮೇಲೆ ಆರು ಜನ ಅಪ್ಪಾಜಿ ಕೊಟ್ಟ ಚಾ ಕುಡಿಯುತ್ತ ಕೂತಿರುತ್ತಿದ್ದರು.

“ಬಾಗಿಲಿಗೆ ಬಂದವರಿಗೆ ಸಂಜೆ ಬನ್ನಿ ಅಂತ ಒಂದು ಮಾತು ಹೇಳೋಕೆ ಆಗಲ್ವೇನ್ರೀ ನಿಮಗೆ?”

“ದೂರದಿಂದ ಬಂದಾರೆ. ಹೆಂಗ್ ಹೇಳ್ಲಿ?”

“ನಾನೂ ದೂರದಿಂದಲೇ ಬಂದೀನಿ. ಬೆಳಿಗ್ಗೆ ಏಳಕ್ಕೆ ಹೋದವಳು.”

“ಅದಕ್ಕೇ ನಿಂಗೂ ಚಾ ಇಟ್ಟೀನಲ್ಲ.”

ಅವ್ವ ನಗುತ್ತಿರಲಿಲ್ಲ. ಚಾ ಕುಡಿದು ಕಟ್ಟೆಗೆ ಹೋಗುತ್ತಿದ್ದಳು. ನಾನು ಮಗ್ಗಿ ಪುಸ್ತಕ ಹಿಡಿದು ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಆರು ಜನರ ನಂತರ ಏಳನೆಯವಳು ನಾನು. ಒಮ್ಮೊಮ್ಮೆ ನನ್ನ ಸರದಿ ಬರುವ ಮೊದಲೇ ಆಸ್ಪತ್ರೆಯ ಆಯಾ ರತ್ನಮ್ಮ ಹಿತ್ತಲ ಬೇಲಿಯಾಚೆಯಿಂದ ‘ಅಮ್ಮಾರೇ’ ಎಂದು ಕೂಗಿಬಿಡುತ್ತಿದ್ದಳು.

ಮನೆಯ ಕೆಲಸವೆಲ್ಲ ಅಪ್ಪಾಜಿಯದು. ನನ್ನ ಲಂಗಗಳನ್ನು ಅಂಗಡಿಯ ಬಟ್ಟೆ ಥಾನಿನಂತೆ ಅಂಚು ಹೊರಗೆ ಬರುವ ಹಾಗೆ ಮಡಚಿ ಗೂಡಿನಲ್ಲಿ ಒಟ್ಟುತ್ತಿದ್ದರು. ಜಡೆ ಹಾಕಿದರೆ ಗಂಟು ಕಟ್ಟಿದಂತೆ ಬಿಗಿ, ಸಂಜೆಯ ಹೊತ್ತಿಗೆ ಹಣೆ ನೋಯುತ್ತಿತ್ತು. ರೊಟ್ಟಿ ತಟ್ಟುವುದನ್ನು ರತ್ನಮ್ಮ ಕಲಿಸಿದಳು. ಮೊದಮೊದಲು ಅವು ಹರಿದವು, ಆಮೇಲೆ ಬಟ್ಟೆ ಕತ್ತರಿಸಿದ ಹಾಗೆ ಒಂದೇ ಅಳತೆಗೆ ಬಂದವು. ಶಾಲೆಯಲ್ಲಿ ಹುಡುಗಿಯರು ‘ನಿಮ್ಮನೇಲಿ ಅಪ್ಪ ಅಡುಗೆ ಮಾಡ್ತಾರಂತೆ’ ಎಂದು ಕೇಳಿದರೆ ನಾನು ಹೌದು ಎನ್ನುತ್ತಿದ್ದೆ. ‘ಮತ್ತೆ ಅಮ್ಮ ಎಂತ ಮಾಡ್ತಾರೆ?’ ಎಂದರೆ ‘ನಿನ್ನನ್ನ ಹೊರಗೆ ತೆಗೆದದ್ದು ನಮ್ಮವ್ವನೇ’ ಎನ್ನುತ್ತಿದ್ದೆ. ಅದು ಸುಳ್ಳು, ಅವರೆಲ್ಲ ಹುಟ್ಟಿದಾಗ ಅವ್ವ ಸೊರಬದಲ್ಲೇ ಇರಲಿಲ್ಲ. ಆದರೂ ಬಾಯಿ ಮುಚ್ಚಿಸುವುದಕ್ಕೆ ಸಾಕಾಗುತ್ತಿತ್ತು.

ಇಷ್ಟಾದರೂ ಮನೆಯಲ್ಲಿ ಒಬ್ಬರು ಕಡಿಮೆ ಇದ್ದರು. ನನ್ನ ತಮ್ಮ ಬಸು. ವರ್ಗವಾದಾಗ ಅವನಿಗೆ ಹತ್ತು ತಿಂಗಳು. ಹೊಸ ಊರು, ಸಮಯ ನೋಡದ ಹೆರಿಗೆಗಳು, ಗಂಡಸು ಕೂಸನ್ನು ಹೇಗೆ ನೋಡಿಕೊಂಡಾನು ಎಂದು ಶಿಕಾರಿಪುರದ ಅಜ್ಜಿ, ಅಂದರೆ ಅಪ್ಪಾಜಿಯ ತಾಯಿ, ಅವನನ್ನು ತನ್ನ ಬಳಿ ಇಟ್ಟುಕೊಂಡಿದ್ದಳು. ಆರು ತಿಂಗಳ ಮಟ್ಟಿಗೆ ಎಂದದ್ದು ಎರಡು ವರ್ಷ ದಾಟಿತು. ಅವನು ಅಜ್ಜಿಯನ್ನೇ ಅವ್ವ ಎಂದು ಕರೆಯಲು ಕಲಿತ. ನಮ್ಮ ಅವ್ವ ತಿಂಗಳಿಗೊಮ್ಮೆ ಶಿಕಾರಿಪುರಕ್ಕೆ ಹೋದರೆ ಅಜ್ಜಿಯ ಸೆರಗಿನ ಹಿಂದೆ ನಿಂತು ‘ಡಾಕ್ಟರು ಬಂದ್ರು’ ಎನ್ನುತ್ತಿದ್ದ. ಚುಚ್ಚುತ್ತಾರೆ ಎಂಬ ಹೆದರಿಕೆ. ಅಜ್ಜಿಯ ಮನೆಯಲ್ಲಿ ಮಕ್ಕಳು ಹಟ ಮಾಡಿದರೆ ಅದೇ ಹೆದರಿಕೆ ಹಾಕುತ್ತಿದ್ದರಂತೆ. ಅಂಥ ಒಂದು ದಿನ ಅವ್ವ ಅಂಗಳದಲ್ಲೇ ನಿಂತು, ಇವತ್ತು ಮಗನನ್ನು ಕರೆದುಕೊಂಡೇ ಹೋಗುತ್ತೇನೆ ಎಂದಳು. ಅಜ್ಜಿ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಡಲಿಲ್ಲ.

“ನಿನ್ನ ಮಗ, ಬ್ಯಾಡ ಅನ್ನಾಕ ನಾನ್ಯಾರವ್ವ. ಆದ್ರ ಕೂಸು ನಿನ್ನ ಕೈಯಾಗ ಒಂದು ತುತ್ತು ತಿನ್ನಂಗಿಲ್ಲ. ಅಲ್ಲಿಗೆ ಹೋಗಿ ಉಪವಾಸ ಬೀಳ್ಬೇಕೇನು?”

“ಕಲೀತಾನೆ ಅತ್ತೆ.”

“ಹಂಗಾರ ಒಂದು ಮಾತು. ನಾನೇ ಕರ್ಕೊಂಡು ಬರ್ತೀನಿ, ಒಂದು ರಜೆದ ದಿನ. ಒಂದು ಹೊತ್ತು ನಿನ್ನ ಕೈಯಾಗ ತಟ್ಟಿ ಖಾಲಿ ಆಗೋತನಕ ಉಣ್ಲಿ. ಉಂಡ್ರ ಅವತ್ತ ಬಿಟ್ಟು ಬರ್ತೀನಿ. ನಡುವ ಎದ್ದು ಓಡಿದ್ಯೋ, ಸಾಲಿ ಸೇರೋತನಕ ಕೇಳಬ್ಯಾಡ.”

ಅವ್ವ ಒಪ್ಪಿಕೊಂಡಳು. ಎಷ್ಟೋ ತಲೆಗಳನ್ನು ಭೂಮಿಗೆ ತಂದವಳು ಒಂದು ತಟ್ಟೆ ಅನ್ನಕ್ಕೆ ಹೆದರಿದ್ದನ್ನು ನಾನು ಆ ವಾರ ನೋಡಿದೆ. ಅಂದಾಜು ಸಿಗಲಿ ಎಂದು ನನ್ನ ಮೇಲೆ ಅಭ್ಯಾಸ ಮಾಡಿದಳು. ಒಂಬತ್ತು ವರ್ಷದ ನನ್ನನ್ನು ಎದುರಿಗೆ ಕೂರಿಸಿಕೊಂಡು, ತುಪ್ಪ ಹಾಕಿ ಅನ್ನ ಕಲೆಸಿ, ಅಜ್ಜಿ ಮಾಡುವ ಹಾಗೆ ಒಂದೊಂದು ತುತ್ತಿಗೆ ಒಬ್ಬೊಬ್ಬರ ಹೆಸರು ಹೇಳಿ ಬಾಯಿಗಿಡುತ್ತಿದ್ದಳು. ಇದು ಅಜ್ಜನ ತುತ್ತು, ಇದು ಕಾಕಾನ ತುತ್ತು. ತುತ್ತು ದೊಡ್ಡದಾಯಿತೇ, ಬಿಸಿ ಹೆಚ್ಚಾಯಿತೇ ಎಂದು ಕೇಳುತ್ತಿದ್ದಳು. ನಾನು ಎಷ್ಟೋ ದಿನದಿಂದ ಬಯಸಿದ್ದು ಅದೇ. ಸಿಕ್ಕಿದ್ದು ಮಾತ್ರ ಇನ್ನೊಬ್ಬರಿಗೆ ಎಂದು ಮಾಡಿದ್ದರ ರುಚಿ ನೋಡಲಿಕ್ಕೆ. ಬೇಡ ಎನ್ನುವ ಸಿಟ್ಟೂ ಇತ್ತು, ಬಾಯಿ ಮುಚ್ಚಲೂ ಆಗಲಿಲ್ಲ. ಐದು ದಿನ ಉಂಡೆ.

ಆ ಭಾನುವಾರಕ್ಕೆ ಅವ್ವ ರಜೆ ಹಾಕಿದಳು. ಪಕ್ಕದ ಊರಿನಿಂದ ಬಂದ ಗಂಡು ಡಾಕ್ಟರೊಬ್ಬರು ಅವತ್ತಿನ ಮಟ್ಟಿಗೆ ಆಸ್ಪತ್ರೆಯಲ್ಲಿದ್ದರು. ಹತ್ತೂವರೆಯ ಬಸ್ಸಿಗೆ ಅಜ್ಜಿ ಬಸುವನ್ನು ಕಂಕುಳಲ್ಲಿಟ್ಟುಕೊಂಡು ಇಳಿದಳು. ಬಂದವಳೇ ಕಾಲು ತೊಳೆದು, ಅಡುಗೆಮನೆಯ ಮೂಲೆಯಲ್ಲಿ ಕೂತು, ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸಿದಳು. ಅದಾಗದೆ ಅವಳು ಹನಿ ನೀರೂ ಕುಡಿಯುವವಳಲ್ಲ. ಪೂಜೆಯ ನಡುವೆಯೇ ನಮ್ಮ ಗೂಡಿನ ಬಟ್ಟೆಗಳ ಕಡೆ, ಒಲೆಯ ಬಳಿ ಹೆಗಲಿಗೆ ಒರೆಸುವ ಬಟ್ಟೆ ಹಾಕಿಕೊಂಡು ನಿಂತ ತನ್ನ ಹಿರಿಮಗನ ಕಡೆ ಕಣ್ಣು ಹೋಗುತ್ತಿತ್ತು. ಕಣ್ಣು ಹೋದಾಗೆಲ್ಲ ತುಟಿ ಬಿಗಿಯಾಗುತ್ತಿತ್ತು. ಅವ್ವ ಅಪ್ಪಾಜಿಯ ಕೈಗೆ ಚೀಲ ಕೊಟ್ಟಳು.

“ಬಾಳೆಹಣ್ಣು ತನ್ನಿ. ಒಂದು ಗಂಟೆ ಬಿಟ್ಟು ಬನ್ನಿ.”

“ಬಾಳೆಹಣ್ಣಿಗೆ ಒಂದು ಗಂಟೆ ಯಾಕ ಬೇಕು?”

“ನೀವು ಮನೇಲಿದ್ರೆ ಕಟ್ಟೆ ತುಂಬುತ್ತೆ.”

ಅಪ್ಪಾಜಿ ಚೀಲ ಹಿಡಿದು ಹೊರಟರು. ಅವ್ವ ಮುಂಬಾಗಿಲಿಗೆ ಚಿಲಕ ಹಾಕುವ ಮೊದಲು ನನ್ನನ್ನು ಕಟ್ಟೆಯ ಮೇಲೆ ಕೂರಿಸಿದಳು. ಯಾರು ಬಂದರೂ ಆಸ್ಪತ್ರೆಗೆ ಕಳಿಸು, ಅಲ್ಲಿ ಡಾಕ್ಟರಿದ್ದಾರೆ ಎನ್ನು, ಬಾಗಿಲು ಮಾತ್ರ ಬಡಿಯಬೇಡ ಎಂದಳು. ನನಗೆ ಅದೇನೂ ಕಷ್ಟ ಅನ್ನಿಸಲಿಲ್ಲ. ಆ ಕೆಲಸಕ್ಕೆ ನಾನು ಎಂದೋ ತಯಾರಾಗಿದ್ದೆ.

ಕಟ್ಟೆಯ ಪಕ್ಕದ ಕಿಟಕಿಗೆ ಒರಗಿ ಕೂತ ನನಗೆ ಒಳಗಿನ ಮಾತು ಸಣ್ಣಗೆ ಕೇಳಿಸುತ್ತಿತ್ತು. ‘ಇದು ಅಜ್ಜನ ತುತ್ತು’ ಎಂದಳು ಅವ್ವ. ಬಸು ಬಾಯಿ ತೆರೆಯಲಿಲ್ಲ. ‘ಇದು ಗೌರಕ್ಕನ ತುತ್ತು’ ಎಂದು ನನ್ನ ಹೆಸರು ಹೇಳಿದಳು. ಅದೂ ಇಲ್ಲ. ಅಜ್ಜಿ ಗೋಡೆಗೊರಗಿ ಸುಮ್ಮನೆ ಕೂತಿದ್ದಳೆಂದು ಕಾಣುತ್ತದೆ, ಬಳೆಯ ಸದ್ದೂ ಇರಲಿಲ್ಲ. ಅಷ್ಟರಲ್ಲಿ ಕುಬಟೂರಿನ ಒಬ್ಬ ಮುದುಕಿ ಕಿವಿ ನೋವೆಂದು ಬಂದಳು. ಆಸ್ಪತ್ರೆಗೆ ಹೋಗಿ ಎಂದೆ. ಹೋದವಳು ಹತ್ತು ನಿಮಿಷಕ್ಕೆ ವಾಪಸು ಬಂದಳು. ಅವಳ ಹಿಂದೆಯೇ ಇನ್ನೊಬ್ಬಳು.

“ಅಲ್ಲಿ ಗಂಡು ಡಾಕ್ಟ್ರು ಕೂತಾರೆ ಮಾರಾಯ್ತಿ. ಅಮ್ಮಾರು ಒಳಗೆ ಇದಾರಲ್ಲ, ಕರಿ.”

“ಕಿವಿಗೆ ಗಂಡಾದ್ರೇನು ಹೆಣ್ಣಾದ್ರೇನು?”

“ಅಯ್ಯೋ ಇವಳ ಬಾಯಿ ನೋಡು. ಅಪ್ಪ ಎಲ್ಲಿ? ಅಪ್ಪನ್ನ ಕರಿ, ಅವರಿಗೆ ಮನುಷ್ಯತ್ವ ಅದೆ.”

ಅವರನ್ನು ಎಬ್ಬಿಸುವಷ್ಟರಲ್ಲಿ ಸಾಕುಬೇಕಾಯಿತು. ಆಸ್ಪತ್ರೆಗೆ ಕಳಿಸಿದರೆ ವಾಪಸು ಬರುತ್ತಾರೆ ಎಂಬುದು ಆಗ ನನಗೆ ತಿಳಿಯಿತು. ಒಳಗೆ ಬಸು ಬಾಯಿ ತೆರೆದಿದ್ದ. ಅವ್ವ ಒಂದೊಂದೇ ಹೆಸರು ಹೇಳುತ್ತಿದ್ದಳು. ಹೆಸರುಗಳು ತೀರಿಹೋಗಿ ‘ಇದು ರತ್ನಮ್ಮನ ತುತ್ತು, ಇದು ಬಸ್ಸಿನ ಡ್ರೈವರನ ತುತ್ತು’ ಎಂದಳು, ಬಸು ನಕ್ಕ. ಆಮೇಲೆ ‘ಇದು ಅವ್ವನ ತುತ್ತು’ ಎಂದಾಗ ಅವನು ‘ಅವ್ವ ಅಲ್ಲಿ’ ಎಂದದ್ದು ಕೇಳಿಸಿತು. ಅಜ್ಜಿಯ ಕಡೆ ಬೆರಳು ಮಾಡಿರಬೇಕು. ಅವ್ವ ‘ಹೂಂ, ಆ ಅವ್ವನ ತುತ್ತು’ ಎಂದಳು. ಅದನ್ನೂ ತಿಂದ.

ಆಗ ರಸ್ತೆಯಲ್ಲಿ ಒಂದು ಟೆಂಪೊ ನಿಂತಿತು. ಅದರಿಂದ ಇಳಿದು ಓಡುತ್ತ ಬಂದವನು ಹೊಸಬಾಳೆಯ ಕೆರಿಯಪ್ಪ. ನಮ್ಮ ಕಟ್ಟೆಗೆ ಹಳಬ, ಹೆಂಡತಿ ಗಂಗಮ್ಮನನ್ನು ತಿಂಗಳಿಗೆರಡು ಸಲ ತೋರಿಸಲು ಬರುತ್ತಿದ್ದ. ಎರಡು ಸಲ ಹೊಟ್ಟೆಯಲ್ಲೇ ಕೂಸು ಹೋದವಳು ಆಕೆ, ಇದು ಮೂರನೆಯದು.

“ಪಾಪೂ, ಅಮ್ಮಾರನ್ನ ಕರಿಯವ್ವ. ನೋವು ಶುರುವಾಗ್ತಿದ್ದಂಗೆ ನನ್ನ ಹತ್ರಕ್ಕೇ ಕರ್ಕೊಂಡ್ ಬಾ ಅಂದಿದ್ರು.”

ಚಿಲಕ ಹಾಕಿದ ಬಾಗಿಲನ್ನು ನೋಡಿದೆ. ಒಳಗೆ ಇನ್ನೆಷ್ಟು ತುತ್ತು ಉಳಿದಿದ್ದವೋ. ಆಸ್ಪತ್ರೆ ಎಂದರೆ ಇವನೂ ಹತ್ತು ನಿಮಿಷಕ್ಕೆ ಇಲ್ಲೇ ಬರುತ್ತಾನೆ. ಅಪ್ಪಾಜಿಯ ಅಂಗಡಿಯ ರೀತಿಯೇ ಬಾಯಿಗೆ ಬಂತು. ಬರಿಗೈಯಲ್ಲಿ ಕಳಿಸಬಾರದು, ಎಲ್ಲಿ ಸಿಗುತ್ತದೆ ಎಂದು ಹೇಳಬೇಕು.

“ಅವ್ವ ಶಿಕಾರಿಪುರಕ್ಕೆ ಹೋಗಿದಾರೆ. ಅಜ್ಜಿ ಮನೆಗೆ.”

ಒಳಗಿನ ದನಿ ಒಂದು ಗಳಿಗೆ ನಿಂತಂತಾಯಿತು. ಮತ್ತೆ ಶುರುವಾಯಿತು. ಕೆರಿಯಪ್ಪ ಹಣೆ ಒರೆಸಿಕೊಂಡು, ಏನೋ ಎಣಿಸಿದವನಂತೆ ನಿಂತು, ಟೆಂಪೊದ ಕಡೆ ಓಡಿದ. ಟೆಂಪೊ ಆಸ್ಪತ್ರೆಯ ಕಡೆಗೇ ತಿರುಗಿದ್ದನ್ನು ನೋಡಿ ನನಗೆ ಸಮಾಧಾನವಾಯಿತು. ಅಲ್ಲಿ ಒಪ್ಪಿಕೊಂಡಾನು ಎಂದುಕೊಂಡೆ.

ಅರ್ಧ ಗಂಟೆ ಆಗಿರಬಹುದು. ರತ್ನಮ್ಮ ಬೇಲಿಯಾಚೆಯಿಂದ ಕೂಗಲಿಲ್ಲ, ಹಿತ್ತಲ ಬಾಗಿಲಿನಿಂದ ನೇರ ಒಳಗೇ ಬಂದಳು. ಅವಳ ಮಾತು ಕೇಳಿ ನಾನೂ ಮನೆ ಸುತ್ತಿಕೊಂಡು ಓಡಿದೆ.

“ಅಮ್ಮಾರೇ, ನೀವು ಇಲ್ಲೇ ಇದ್ದೀರ? ಕೆರಿಯಪ್ಪ ಗಂಗಮ್ಮನ್ನ ಕರ್ಕೊಂಡು ಶಿಕಾರಿಪುರಕ್ಕೆ ಹೋದ. ನಿಮ್ಮ ಅಂಗಡಿ ಅವನಿಗೆ ಗೊತ್ತಂತೆ, ಅಲ್ಲೇ ಹಿಡೀತೀನಿ ಅಂದ. ಸಿಸ್ಟರೂ ಹೇಳಿದ್ರು, ಡಾಕ್ಟ್ರೂ ಗೇಟಿನ ತನಕ ಓಡಿದ್ರು. ಕೇಳಲೇ ಇಲ್ಲ. ಎರಡು ಕೂಸು ಹೋಗಿದಾವೆ, ಅಮ್ಮಾರ ಕೈಯಲ್ಲೇ ಆಗ್ಬೇಕು ಅಂತ.”

ಅವ್ವನ ಕೈಯಲ್ಲಿ ತುತ್ತಿತ್ತು. ತಟ್ಟೆಯಲ್ಲಿ ಇನ್ನು ನಾಲ್ಕೋ ಐದೋ ತುತ್ತಿನಷ್ಟು ಅನ್ನ. ಬಸು ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಅವ್ವ ಆ ತುತ್ತನ್ನು ಅವನ ಬಾಯಿಗಿಟ್ಟಳು, ತಟ್ಟೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

“ಏಳವ್ವ,” ಎಂದಳು ಅಜ್ಜಿ. “ಹೊಟ್ಯಾಗಿನ ಕೂಸು ದಾರ್ಯಾಗ ಐತಿ. ಕೂತು ಏನ್ ನೋಡ್ತಿ?”

ಅವ್ವ ಕೈ ತೊಳೆದದ್ದೂ ನನಗೆ ನೆನಪಿಲ್ಲ. ಆಸ್ಪತ್ರೆಯ ಜೀಪು ಹೋದ ಸದ್ದು ನೆನಪಿದೆ. ಬಸು ಬಾಯಲ್ಲಿ ಅನ್ನ ಇಟ್ಟುಕೊಂಡೇ ಅಳಲು ಶುರುಮಾಡಿದ. ಬಾಳೆಹಣ್ಣು ತಂದ ಅಪ್ಪಾಜಿಗೆ ಎಲ್ಲವನ್ನೂ ಹೇಳಿದವಳು ರತ್ನಮ್ಮ. ಅಪ್ಪಾಜಿ ಚೀಲ ಕೆಳಗಿಟ್ಟು, ಕೈ ತೊಳೆದು, ಅವ್ವ ಕೂತಿದ್ದ ಮಣೆಯ ಮೇಲೆ ಕೂತು, ಅದೇ ತಟ್ಟೆ ಎತ್ತಿಕೊಂಡರು. ಹೆಸರು ಗಿಸರು ಏನೂ ಹೇಳಲಿಲ್ಲ. ಬಾಳೆಹಣ್ಣನ್ನು ಚೂರು ಚೂರು ಮಾಡಿ ಅನ್ನದೊಳಗೆ ಮುಚ್ಚಿಟ್ಟು ಕೊಟ್ಟರು. ಬಸು ಅಳುತ್ತಲೇ ಉಂಡ, ಆಮೇಲೆ ಅಳು ಮರೆತು ಉಂಡ. ತಟ್ಟೆ ಖಾಲಿಯಾಯಿತು. ಬಾಯಿ ಒರೆಸಿ, ಒದ್ದೆ ಮಾಡಿಕೊಂಡಿದ್ದ ಚಡ್ಡಿ ಬಿಚ್ಚಿ, ಬಚ್ಚಲಿಗೆ ಎತ್ತಿಕೊಂಡು ಹೋಗಿ ತೊಳೆದು, ನನ್ನದೊಂದು ಹಳೆಯ ಲಂಗ ಸುತ್ತಿ ಹೆಗಲಿಗೆ ಹಾಕಿಕೊಂಡು ತಟ್ಟಿದರು. ಅವನು ಅಲ್ಲೇ ನಿದ್ದೆ ಹೋದ. ಅಜ್ಜಿ ಎಲ್ಲವನ್ನೂ ನೋಡುತ್ತಿದ್ದಳು. ಮಗ ಕೂಸಿನ ಅಂಡು ತೊಳೆಯುವಾಗ ಮಾತ್ರ ಮುಖ ಆಚೆ ತಿರುಗಿಸಿದಳು.

“ತಟ್ಟಿ ಖಾಲಿ ಆತಲ್ಲ ಅಮ್ಮ,” ಎಂದರು ಅಪ್ಪಾಜಿ.

“ನಿನ್ನ ಕೈಯಾಗ ಆತು.”

“ಯಾರ ಕೈಯಾಗ ಆದ್ರೇನು? ದಿನಾ ಮನ್ಯಾಗ ಇರೋನು ನಾನು. ಗೌರೀನ ನೋಡು, ಏನ್ ಕಡಿಮಿ ಆಗೇತಿ ಅಕಿಗೆ?”

“ಅಕಿ ಹೆಣ್ಣು, ಹೆಂಗೋ ಬೆಳೀತಾಳ. ಇವನು ನಿನ್ನ ನೋಡಿ ಕಲ್ತಾನು. ನಮ್ಮ ಮನ್ಯಾಗ ಯಾವ ಗಂಡ್ಸೂ ಹೆಗಲ ಮ್ಯಾಲ ಒರಸೋ ಅರಿವಿ ಹಾಕ್ಕೊಂಡು ನಿಂತಿಲ್ಲಪ್ಪ. ಕಾಯ್ದಿ ಅಂದ್ರ ಕಾಯ್ದಿ. ಅಕಿ ನಡುವ ಎದ್ಲು.”

“ನೀನ ಏಳು ಅಂದಿ.”

“ಹೌದು, ಅಂದೆ. ಏಳದ ಇದ್ರ ಬೈತಿದ್ದೆ. ಅದು ಬ್ಯಾರೆ, ಇದು ಬ್ಯಾರೆ.”

ನಾನು ಬಾಗಿಲ ಬಳಿ ನಿಂತು ಅಪ್ಪಾಜಿ ಇನ್ನೊಂದು ಮಾತಾಡುತ್ತಾರೆ ಎಂದು ಕಾದೆ. ಅವರು ಕೂಸಿನ ಬೆನ್ನು ತಟ್ಟುತ್ತಲೇ ಇದ್ದರು. ಆ ಮೌನಕ್ಕೆ ನಾನು ಅವರನ್ನು ಬಹಳ ವರ್ಷ ಕ್ಷಮಿಸಲಿಲ್ಲ. ಪರೀಕ್ಷೆಯನ್ನೇ ತಪ್ಪು ಮನುಷ್ಯರಿಗೆ ಇಟ್ಟಿದ್ದರು. ಆ ಮನೆಯಲ್ಲಿ ಉಣಿಸುವವರು ಯಾರು ಎಂದು ಕೇಳಿದ್ದರೆ ಉತ್ತರ ಸುಲಭವಿತ್ತು, ಅದನ್ನು ಕೇಳಬೇಕೆಂದು ಅಜ್ಜಿಗೂ ಹೊಳೆಯಲಿಲ್ಲ, ಅವ್ವನಿಗೂ ಹೊಳೆದಿರಲಿಲ್ಲ. ದೊಡ್ಡವರನ್ನು ಬೈದು ನಾನೇನು ಉದ್ಧಾರವಾದೆ? ಮೊನ್ನೆ ಮಗಳ ಮನೆಗೆ ಹೋಗಿದ್ದೆ. ಅವಳೂ ಡಾಕ್ಟರು, ಎರಡು ದಿನದಿಂದ ಆಸ್ಪತ್ರೆಯಲ್ಲೇ ಇದ್ದಳು. ಅಳಿಯ ಕಂಪ್ಯೂಟರು ಮುಚ್ಚಿಟ್ಟು ಕೂಸಿಗೆ ಉಣಿಸಲು ಕೂತಿದ್ದ. ‘ಬಿಡಪ್ಪ, ತಾಯಿ ಬರಲಿ’ ಎಂಬ ಮಾತು ನನ್ನ ಬಾಯಿಂದಲೇ ಹೊರಬಿತ್ತು. ಅಳಿಯ ಒಳ್ಳೆಯವನು, ಸುಮ್ಮನೆ ನಕ್ಕು ಇನ್ನೊಂದು ಚಮಚ ಕೊಟ್ಟ. ನನಗೆ ಮಾತ್ರ ಆ ದಿನವೆಲ್ಲ ನನ್ನ ಮೇಲೆಯೇ ಕಿರಿಕಿರಿ.

ನಾಲ್ಕು ಗಂಟೆಯ ಬಸ್ಸಿಗೆ ಅಜ್ಜಿ ಹೊರಟಳು. ನಿದ್ದೆಯಲ್ಲಿದ್ದ ಬಸುವನ್ನು ಅಪ್ಪಾಜಿಯೇ ಬಸ್ ಸ್ಟ್ಯಾಂಡಿನ ತನಕ ಎತ್ತಿಕೊಂಡು ಹೋಗಿ ಅವಳ ಮಡಿಲಿಗಿಟ್ಟು ಬಂದರು. ಅವನಿಗೆ ಸುತ್ತಿದ್ದ ನನ್ನ ಲಂಗವೂ ಹೋಯಿತು. ಅಪ್ಪಾಜಿ ಮನೆಗೆ ಬಂದು ಎಂದಿನ ಹಾಗೆ ಹಿಟ್ಟು ನಾದಲು ಕೂತರು. ಕಿವಿ ನೋವಿನ ಮುದುಕಿ ಮತ್ತೆ ಬಂದಿದ್ದಳು. ಕೂಡ್ರಿ ಎಂದರು, ಚಾ ಕೊಟ್ಟರು. ಅವಳು ಎದ್ದು ಹೋದದ್ದು ಸೂರ್ಯ ಇಳಿದ ಮೇಲೆ.

ಅವ್ವ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಟೆಂಪೊ ಶಿರಾಳಕೊಪ್ಪ ಮುಟ್ಟುವುದರೊಳಗೆ ಗಂಗಮ್ಮನಿಗೆ ತಡೆಯಲಾಗದೆ ಅಲ್ಲಿನ ಆಸ್ಪತ್ರೆಯಲ್ಲೇ ಇಳಿಸಿದ್ದರಂತೆ. ಜೀಪು ಹಿಂದೆಯೇ ಮುಟ್ಟಿತ್ತು. ಕೂಸು ಹುಟ್ಟಿದಾಗ ಅಳಲಿಲ್ಲವಂತೆ, ನೀಲಿಯಾಗಿತ್ತಂತೆ, ಬಹಳ ಹೊತ್ತು ಒದ್ದಾಡಿದ ಮೇಲೆ ಅತ್ತಿತಂತೆ. ಹೆಣ್ಣು. ಇಷ್ಟನ್ನು ಹೇಳುತ್ತಲೇ ಅವ್ವ ಕೋಣೆಗಳನ್ನು ನೋಡಿದಳು, ಎರಡೇ ಕೋಣೆ, ಬೇಗ ನೋಡಿ ಮುಗಿಯಿತು. ಅಪ್ಪಾಜಿ ‘ನಾಲ್ಕರ ಬಸ್ಸಿಗೆ’ ಎಂದರು. ಅವ್ವ ತಲೆಯಾಡಿಸಿ ಬಚ್ಚಲಿಗೆ ಹೋದಳು. ಬಂದು ಉಣ್ಣಲು ಕೂತಳು. ಅಪ್ಪಾಜಿ ರೊಟ್ಟಿ ಬಡಿಸಿ, ಇನ್ನೊಂದನ್ನು ತಟ್ಟಲು ಒಲೆಯ ಕಡೆ ತಿರುಗಿದರು. ನನಗೆ ಬೈಯಲಿ ಎಂದು ನಾನು ಅವಳ ಎದುರಿಗೇ ಕೂತೆ. ಅವಳು ಬೈಯಲಿಲ್ಲ. ಕೊನೆಗೆ ನಾನೇ ಬಾಯಿಬಿಟ್ಟೆ.

“ಅವ್ವ, ಕೆರಿಯಪ್ಪಂಗೆ ಶಿಕಾರಿಪುರ ಅಂತ ಹೇಳಿದ್ದು ನಾನೇ.”

“ಗೊತ್ತು. ಒಳಗೆ ಕೇಳಿಸ್ತು.”

“ಅವನ ದನಿ?”

“ಅವನದೂ. ನಿಂದೂ.”

ಒಲೆಯ ಬಳಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಅಪ್ಪಾಜಿ ತಿರುಗಿ ನೋಡಲಿಲ್ಲ.

“ಮತ್ತೆ ಆವಾಗ್ಲೇ ಯಾಕೆ ಎದ್ದು ಬರ್ಲಿಲ್ಲ?”

ಅವ್ವ ರೊಟ್ಟಿಯನ್ನು ಚೂರು ಚೂರಾಗಿ ಮುರಿದಳು. ಒಂದು ಚೂರೂ ಬಾಯಿಗೆ ಹೋಗಲಿಲ್ಲ.

“ಬಸು ಉಣ್ತಾ ಇದ್ದ ಕಣೆ,” ಎಂದಳು.